ಪೋಲ್ ವಾಲ್ಟ್ ಕಲಿಯಬೇಕು ಅಂತಿದ್ದೇನೆ, ಮೊದಲು ಯಾವ ಕೋಲು ತಗೊಳ್ಳಲಿ?

ಸುಂಟಿಕೊಪ್ಪದ ಹುಡುಗಿ · ಜೂನ್ 9, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನಗೆ 23 ವರ್ಷ. ಎತ್ತರ 5 ಅಡಿ 4 ಇಂಚು, ತೂಕ 56 ಕೆಜಿ. ಶಾಲೆಯಿಂದ ಡಿಗ್ರಿ ಮುಗಿಯುವವರೆಗೂ ಹಾಕಿ ಆಡಿದ್ದೇನೆ, ರೈಟ್ ವಿಂಗ್. ಈಗ ಮನೆಯಲ್ಲಿ ತೋಟದ ಲೆಕ್ಕ ಬರೆಯುತ್ತೇನೆ, ಸಂಜೆ ಓಡುತ್ತೇನೆ. ಓಡುತ್ತೇನೆ ಅಂದರೆ ಮಳೆ ಬಿಟ್ಟಾಗ.

ಟೋಕಿಯೊದಲ್ಲಿ ಸ್ವೀಡನ್ನಿನ ಡುಪ್ಲಾಂಟಿಸ್ ಕೋಲೂರಿ 6.30 ಮೀಟರ್ ಹಾರಿದ್ದನ್ನು ಮೊಬೈಲ್‌ನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಒಂದು ದಿನ ಅಮ್ಮ ಬಂದು "ಮತ್ತೆ ಅದೇನಾ?" ಅಂತ ಕೇಳಿದರು. ನಗಬೇಡಿ, ನನಗೂ ಅದನ್ನು ಕಲಿಯಬೇಕು ಅನ್ನಿಸಿದೆ. ಪದಕ ಗಿದಕ ಏನೂ ಬೇಡ. ಎರಡೂವರೆ ಮೀಟರ್ ದಾಟಿದರೆ ಸಾಕು.

ಆನ್‌ಲೈನ್‌ನಲ್ಲಿ ನೋಡಿದರೆ ಕೋಲುಗಳಲ್ಲೇ ನೂರು ತರಹ. ಒಂದೊಂದರ ಮೇಲೂ ಉದ್ದ, ತೂಕ ಅಂತ ನಂಬರ್. ನನಗೆ ಯಾವುದು ಸರಿ? ಕೊಡಗಿನಲ್ಲಿ ಯಾರಾದರೂ ಇದನ್ನು ಮಾಡಿದವರು ಇದ್ದೀರಾ?

ಗೋಲಿ ನಂ. 1 · ಜೂನ್ 9, ರಾತ್ರಿ 10:02

ಕೊಡಗಿನಲ್ಲಿ ಹುಟ್ಟಿ, ಹಾಕಿ ಸ್ಟಿಕ್ ಬಿಟ್ಟು ಅದರ ನಾಲ್ಕರಷ್ಟು ಉದ್ದದ ಸ್ಟಿಕ್ ಹಿಡಿಯೋಕೆ ಹೊರಟಿದ್ದೀರಿ. ಮನೆಯಲ್ಲಿ ಹೇಳಿದ್ದೀರಾ? 😄

ತಮಾಷೆಗೆ ಹೇಳಿದೆ. ಅಶ್ವಿನಿ ನಾಚಪ್ಪ, ಪೂವಮ್ಮ ಎಲ್ಲ ನೆಲದ ಮೇಲೆ ಓಡಿದರು. ಗಾಳಿಯಲ್ಲೂ ಒಬ್ಬರು ಇರಲಿ.

ಹತ್ತು ಆಟದವ · ಜೂನ್ 10, ಬೆಳಗ್ಗೆ 6:15

ತಂಗಿ, ಮೊದಲನೇ ಮಾತು. ಕೋಲು ತಗೊಳ್ಳಬೇಡ.

ನಾನು ಯೂನಿವರ್ಸಿಟಿಗೆ ಡೆಕಾತ್ಲಾನ್ ಮಾಡಿದವನು. ಹತ್ತು ಆಟದಲ್ಲಿ ಎಂಟನೆಯದು ಪೋಲ್ ವಾಲ್ಟ್. ಎರಡನೇ ದಿನ ಹರ್ಡಲ್ಸ್, ಡಿಸ್ಕಸ್ ಮುಗಿಸಿ ಕಾಲು ನಡುಗುವಾಗ ಬರುತ್ತದೆ. ನನಗೆ ಅದು ಯಾವತ್ತೂ ಚೆನ್ನಾಗಿ ಬರಲಿಲ್ಲ. ಆದರೆ ಹೇಗೆ ಬರುವುದಿಲ್ಲ ಅಂತ ಚೆನ್ನಾಗಿ ಗೊತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಈ ಆಟದಲ್ಲಿ ಸಿಗದಿರುವ ವಸ್ತು ಕೋಲಲ್ಲ, ಹಾರಿ ಬೀಳುವ ಹಾಸಿಗೆ. ಹಾಸಿಗೆ ಇರುವ ಮೈದಾನ ಸಿಕ್ಕರೆ ಅಲ್ಲೇ ಕೋಲೂ ಇರುತ್ತದೆ, ಹೇಳಿಕೊಡುವವರೂ ಇರುತ್ತಾರೆ. ಕೋಲು ಮಾತ್ರ ತಂದಿಟ್ಟುಕೊಂಡರೆ ಒಂದು ದಿನ ಕೈ ಸುಮ್ನೆ ಇರುವುದಿಲ್ಲ. ಹೊಸ ಪೋಲ್ ಅಂದರೆ ಹತ್ತಾರು ಸಾವಿರ ರೂಪಾಯಿ, ಜಾಸ್ತಿಯವು ಹೊರದೇಶದಿಂದಲೇ ಬರಬೇಕು. ಅಷ್ಟು ಕೊಟ್ಟು ತಂದದ್ದು ಆರು ತಿಂಗಳಲ್ಲಿ ನಿನಗೆ ಮೆತ್ತಗಾಗಿಬಿಡಬಹುದು, ಇಲ್ಲಾ ಗಿಡ್ಡವಾಗಬಹುದು. ವಾಲ್ಟ್ ಮಾಡುವವರು ಒಂದೇ ಕೋಲಿನಲ್ಲಿ ಇರುವುದಿಲ್ಲ. ಮಕ್ಕಳ ಚಪ್ಪಲಿಯ ಹಾಗೆ, ಬದಲಾಯಿಸುತ್ತಲೇ ಇರಬೇಕು.

ನಿನಗೆ ಮೊದಲ ಮೂರು ತಿಂಗಳಿಗೆ ಬೇಕಾದ್ದು ಓಡಲು ಜಾಗ, ನೇತಾಡಲು ಒಂದು ಹಗ್ಗ, ಲಾಂಗ್ ಜಂಪಿನ ಮರಳು ಗುಂಡಿ. ಹಾಕಿ ಆಡಿದ್ದೀಯ ಅಂದರೆ ಓಟ ಇದೆ. ಆದರೆ ಒಂದು ತೊಂದರೆಯೂ ಇದೆ, ಹೇಳಿಬಿಡುತ್ತೇನೆ. ಹಾಕಿಯಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ. ಇಲ್ಲಿ ಬಲಗೈಯವರಿಗೆ ಬಲಗೈ ಮೇಲೆ, ಎಡಗೈ ಕೆಳಗೆ. ನಿನ್ನ ಕೈಗೆ ಹತ್ತು ವರ್ಷದ ಅಭ್ಯಾಸ ತಿರುಗುಮುರುಗಾಗಬೇಕು. ಇವತ್ತೇ ಪೊರಕೆ ಕೋಲು ಹಿಡಿದು ಶುರು ಮಾಡು.

ಹೇಗೆ ಹಿಡಿಯುವುದು? ಕೋಲನ್ನು ಮುಂದೆ ನೆಟ್ಟಗೆ ನಿಲ್ಲಿಸು. ಬಲಗೈ ಎಷ್ಟು ಎತ್ತರಕ್ಕೆ ಎಟಕುತ್ತದೋ ಅಲ್ಲಿ ಹಿಡಿ. ಅದಕ್ಕಿಂತ ಒಂದು ಮೊಳ ಕೆಳಗೆ ಎಡಗೈ. ಈಗ ಹಾಗೇ ಕೋಲನ್ನು ಬಲಗಡೆಗೆ ಇಳಿಸು. ಬಲಗೈ ಸೊಂಟದ ಹತ್ತಿರ ಬಂತು, ಎಡಗೈ ಎದೆಯ ಮುಂದೆ ಬಂತು, ತುದಿ ಮೇಲಕ್ಕೆ ನೋಡುತ್ತಿದೆ, ಅಲ್ವಾ? ಓಡುವಾಗ ಹಿಡಿಯುವುದು ಹೀಗೇ.

ಆ ಬಲಗೈ ಎಟಕಿದ ಜಾಗವನ್ನು ನೆನಪಿಟ್ಟುಕೋ. ಮೊದಲ ದಿನಗಳಲ್ಲಿ ಅದಕ್ಕಿಂತ ಒಂದೆರಡು ಹಿಡಿ ಮೇಲೆ, ಅಷ್ಟೇ. ಹೊಸಬರು ಪೆಟ್ಟು ಮಾಡಿಕೊಳ್ಳುವುದು ತುದಿಗೆ ಹಿಡಿಯುವ ಆಸೆಯಿಂದ. ಮೇಲೆ ಹಿಡಿದಷ್ಟೂ ಕೋಲನ್ನು ನೆಟ್ಟಗೆ ನಿಲ್ಲಿಸಲು ಜಾಸ್ತಿ ವೇಗ ಬೇಕು. ವೇಗ ಸಾಲದಿದ್ದರೆ ಕೋಲು ಅರ್ಧದಲ್ಲಿ ನಿಂತು ನಿನ್ನನ್ನು ವಾಪಸ್ ಕಳಿಸುತ್ತದೆ.

ತೋಡಿನಾಚೆ · ಜೂನ್ 10, ಬೆಳಗ್ಗೆ 8:30

ಮಗಳೇ, ನಾಪೋಕ್ಲು ಕಡೆಯವನು ನಾನು. ನಾವು ಇದನ್ನು ಆಟ ಅಂತ ಮಾಡಲಿಲ್ಲ, ಶಾಲೆಗೆ ಹೋಗಲು ಮಾಡಿದೆವು. ಮಳೆಗಾಲದಲ್ಲಿ ಗದ್ದೆ ಪಕ್ಕದ ತೋಡು ತುಂಬಿ ಪಾಲ, ಅಂದರೆ ದಾಟುವ ಸೇತುವೆ, ಮುಳುಗಿಬಿಡುತ್ತಿತ್ತು. ದಡದಲ್ಲಿ ಒಂದು ಬಿದಿರಿನ ಗಳ ಇಟ್ಟಿರುತ್ತಿದ್ದೆವು. ನೀರಿನ ಮಧ್ಯಕ್ಕೆ ಊರಿ, ಜೋತುಬಿದ್ದು ಆಚೆ ದಡಕ್ಕೆ. ಪುಸ್ತಕದ ಚೀಲ ಮೊದಲೇ ಎಸೆದಿರಬೇಕು, ಅದು ಮುಖ್ಯ. ಒಮ್ಮೆ ಗಳ ಕೆಸರಿನಲ್ಲಿ ಹೂತು, ತೋಡಿನ ಮಧ್ಯೆ ನೆಟ್ಟಗೆ ನಿಂತುಬಿಟ್ಟಿತು. ನಾನೂ ಅದರ ತುದಿಯಲ್ಲಿ. ಎರಡು ನಿಮಿಷ ಹಾಗೇ ಇದ್ದೆ. ಆಮೇಲೆ ನಿಧಾನಕ್ಕೆ ಜಾರಿ ನೀರಿಗೆ ಇಳಿದೆ.

ನಿಮ್ಮ ತೋಟದಲ್ಲಿ ಬಿದಿರು ಇಲ್ವಾ? ಹೊರದೇಶದ ಕೋಲು ಯಾಕೆ? ಕಿರುಬಿದಿರು ಒಂದು ಕಡಿದು ನೆರಳಿನಲ್ಲಿ ಒಣಗಿಸಿದರೆ ಕಬ್ಬಿಣ.

ಹತ್ತು ಆಟದವ · ಜೂನ್ 10, ಮಧ್ಯಾಹ್ನ 1:20

ಅಂಕಲ್, ನೀವು ತೋಡಿನ ಮಧ್ಯೆ ನಿಂತಿರಲ್ಲ, ಅದನ್ನೇ ನಾನು ಬೆಳಗ್ಗೆ ಇಷ್ಟುದ್ದ ಬರೆದದ್ದು. ಹಾಲೆಂಡ್‌ನಲ್ಲಿ ಕಾಲುವೆ ದಾಟುವ ಕೋಲಿನ ಆಟ ಈಗಲೂ ಇದೆ, ಅಲ್ಲಿಯವರು ಕೇಳಿದರೆ ನಿಮ್ಮನ್ನು ತಂಡಕ್ಕೆ ಸೇರಿಸಿಕೊಳ್ಳುತ್ತಾರೆ.

ಬಿದಿರನ್ನು ನಾನು ಕೀಳಾಗಿ ನೋಡುವುದಿಲ್ಲ. ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ ಅನ್ನುವ ಅಮೆರಿಕದವನು 1940ರಲ್ಲಿ ಮೊದಲ ಬಾರಿಗೆ 15 ಅಡಿ ದಾಟಿದ್ದು ಬಿದಿರಿನಲ್ಲೇ. 1942ರಲ್ಲಿ 4.77 ಮೀಟರ್ ಹಾರಿದ್ದೂ ಬಿದಿರಿನಲ್ಲೇ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ನಿಶಿದಾ ಮತ್ತು ಓಏ ಇಬ್ಬರೂ 4.25 ಹಾರಿ, ನಮ್ಮಿಬ್ಬರಲ್ಲಿ ಪೈಪೋಟಿ ಬೇಡ ಅಂತ ನಿಲ್ಲಿಸಿದರು. ಊರಿಗೆ ಹೋಗಿ ಬೆಳ್ಳಿ ಪದಕವನ್ನೂ ಕಂಚಿನ ಪದಕವನ್ನೂ ಅರ್ಧರ್ಧ ಕೊಯ್ಸಿ, ಒಂದಕ್ಕೊಂದು ಜೋಡಿಸಿಕೊಂಡರು. ಅರ್ಧ ಬೆಳ್ಳಿ ಅರ್ಧ ಕಂಚು, ಇಬ್ಬರಿಗೂ ಒಂದೊಂದು. ಈ ಆಟದಲ್ಲಿ ನನಗೆ ತುಂಬ ಇಷ್ಟವಾದ ಕಥೆ ಇದೇ.

ಆದರೆ ಅವರು ಆರಿಸಿದ ಬಿದಿರು, ಸುತ್ತ ಟೇಪ್ ಸುತ್ತಿದ್ದು. ಆದರೂ ಮುರಿಯುತ್ತಿತ್ತು. ಬಿದಿರು ಮುರಿದರೆ ಚೂರಿಯ ಹಾಗೆ ಸೀಳುತ್ತದೆ. ಒಳಗೆ ಹುಳ ಕೊರೆದಿದ್ದರೆ ಹೊರಗಿಂದ ಕಾಣುವುದೂ ಇಲ್ಲ. ಹಾಗಾಗಿ ತಂಗಿ, ಅಂಕಲ್ ಹೇಳಿದ ಬಿದಿರನ್ನು ಹಿಡಿದು ನಡೆಯಲು, ಓಡಲು, ಕೈ ಎತ್ತುವ ಅಭ್ಯಾಸಕ್ಕೆ ಬಳಸು. ಅದರ ಮೇಲೆ ಮೈ ಭಾರ ಮಾತ್ರ ಹಾಕಬೇಡ.

ತೋಡಿನಾಚೆ · ಜೂನ್ 10, ಮಧ್ಯಾಹ್ನ 2:05

ಸರಿ, ಒಪ್ಪಿದೆ. ಆದರೆ ಹುಳ ಹಿಡಿಯುವುದು ತಿಂಗಳು ನೋಡದೆ ಕಡಿದ ಬಿದಿರಿಗೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅಮಾವಾಸ್ಯೆ ಹತ್ತಿರ ಕಡಿಯಬೇಕು.

ಏಣಿ ಕಂಡ್ರೆ ಭಯ · ಜೂನ್ 10, ಸಂಜೆ 7:12

ಅಲ್ಯೂಮಿನಿಯಂ ಪೈಪ್ ಆಗಲ್ವಾ? ಹಗುರ ಇರುತ್ತದೆ, ಮುರಿಯುವುದೂ ಇಲ್ಲ. ಹಳೆ ಕಾಲದಲ್ಲಿ ಲೋಹದ ಕೋಲಿನಲ್ಲೂ ಹಾರುತ್ತಿದ್ದರಂತಲ್ಲ.

ಹತ್ತು ಆಟದವ · ಜೂನ್ 10, ರಾತ್ರಿ 8:40

ಹಾರುತ್ತಿದ್ದರು. 1960ರ ರೋಮ್‌ನಲ್ಲಿ ಡಾನ್ ಬ್ರ್ಯಾಗ್ ಒಲಿಂಪಿಕ್ ಚಿನ್ನ ಗೆದ್ದದ್ದು ಲೋಹದ ಕೋಲಿನಲ್ಲಿ. ಅವನೇ ಕೊನೆ. 1964ರ ಹೊತ್ತಿಗೆ ಫೈಬರ್‌ಗ್ಲಾಸ್ ಬಂದು ಗೆಲ್ಲುವ ಎತ್ತರ 4.70ರಿಂದ 5.10ಕ್ಕೆ ಹೋಯಿತು.

ಆದರೆ ನಿಮ್ಮ ಹೆಸರು ನೋಡಿಯೇ ಕೇಳುತ್ತೇನೆ ಸರ್, ಕರಿಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಏನೇನಾಗಿದೆ ಅಂತ ನಿಮಗೆ ಹೇಳಬೇಕಾ? ಹನ್ನೊಂದು ಅಡಿ ಅಲ್ಯೂಮಿನಿಯಂ ಹಿಡಿದು, ತಲೆ ಮೇಲೆ ಎತ್ತಿ, ತೋಟದ ಮನೆಯಂಗಳದಲ್ಲಿ ಓಡುವುದು. ಬೇಡವೇ ಬೇಡ.

ಏಣಿ ಕಂಡ್ರೆ ಭಯ · ಜೂನ್ 10, ರಾತ್ರಿ 8:51

ಅಯ್ಯೋ ಹೌದು. ಈ ಹೆಸರು ಇಟ್ಟುಕೊಂಡದ್ದೇ ಆ ಕಾರಣಕ್ಕೆ, ನೋಡಿ. ಮರೆತೇಬಿಟ್ಟೆ.

ಸುಂಟಿಕೊಪ್ಪದ ಹುಡುಗಿ · ಜೂನ್ 11, ಸಂಜೆ 6:30

ಎಲ್ಲರಿಗೂ ಥ್ಯಾಂಕ್ಸ್. ಪೊರಕೆ ಹಿಡಿದು ಅಡುಗೆಮನೆಯಿಂದ ಹಜಾರಕ್ಕೆ ಓಡಿದೆ. ಅಣ್ಣ ಹೇಳಿದ್ದು ನಿಜ, ಮೂರು ಹೆಜ್ಜೆಗೆ ನನ್ನ ಎಡಗೈ ತಾನಾಗೇ ಮೇಲೆ ಹೋಗಿಬಿಡುತ್ತದೆ.

ಎರಡು ಪ್ರಶ್ನೆ. ಒಂದು, ನಮ್ಮ ಕಾಫಿ ಕಣ ಈಗ ಖಾಲಿ ಇದೆ. ಸಿಮೆಂಟ್ ಕಣ, ಉದ್ದ ಸುಮಾರು 30 ಮೀಟರ್. ಅಲ್ಲಿ ಓಡಬಹುದಾ? ಎರಡು, ಪೋಲ್ ಮೇಲಿನ ಆ ತೂಕದ ನಂಬರ್ ಏನು? ತಗೊಳ್ಳದಿದ್ದರೂ ಗೊತ್ತಿರಲಿ ಅಂತ.

ಬೆನ್ನುಮೂಳೆ · ಜೂನ್ 11, ರಾತ್ರಿ 9:05

ಫಿಸಿಯೋ ನಾನು, ಮೈಸೂರಿನಲ್ಲಿ. ಊರು ವಿರಾಜಪೇಟೆ. ಕಣದ ಮೇಲೆ ವೇಗವಾಗಿ ಓಡಬೇಡಿ. ಸಿಮೆಂಟ್ ಮೇಲೆ ದಿನಾ ಓಡಿದರೆ ಮೊಣಕಾಲಿನ ಕೆಳಗೆ ಮುಂಗಾಲಿನ ಮೂಳೆ ನೋಯಲು ಶುರುವಾಗುತ್ತದೆ. ಅದರ ಮೇಲೆ ಜೂನ್‌ನಲ್ಲಿ ಕಣದ ಪಾಚಿ! ನಡೆಯಲು, ಕೈ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಳ್ಳಿ, ಅದೂ ತೆಂಗಿನ ಪೊರಕೆಯಲ್ಲಿ ಪಾಚಿ ಉಜ್ಜಿದ ಮೇಲೆ. ಓಟಕ್ಕೆ ಶಾಲೆ ಮೈದಾನ, ಇಲ್ಲಾ ತೋಟದ ಮಣ್ಣು ರಸ್ತೆ. ಜಿಗಣೆ ಹತ್ತಿದರೆ ಇನ್ನೂ ವೇಗವಾಗಿ ಓಡುತ್ತೀರಿ, ಅದೊಂದು ಲಾಭ.

ಹಾಕಿಯವರ ಮೈ ನನಗೆ ಗೊತ್ತು. ಮುಂದಕ್ಕೆ ಬಗ್ಗಿ ಬಗ್ಗಿ ಭುಜ ಮುಂದೆ ಬಂದಿರುತ್ತದೆ, ಸೊಂಟದ ಮುಂಭಾಗ ಬಿಗಿ ಇರುತ್ತದೆ. ವಾಲ್ಟ್‌ಗೆ ತೋಳು ಕಿವಿಯ ಹಿಂದಕ್ಕೆ ಹೋಗಬೇಕು. ಗೋಡೆಗೆ ಬೆನ್ನು ಹಚ್ಚಿ ನಿಂತು ಎರಡೂ ಕೈ ಮೇಲೆತ್ತಿ ನೋಡಿ. ಸೊಂಟ ಗೋಡೆ ಬಿಡದೆ ಹೆಬ್ಬೆರಳು ಗೋಡೆಗೆ ತಾಗುತ್ತದಾ? ತಾಗದಿದ್ದರೆ ಮೊದಲ ಕೆಲಸ ಅದು. ಇಲ್ಲದಿದ್ದರೆ ಕೋಲು ಊರಿದ ಏಟನ್ನು ಭುಜ ತಡೆಯದೆ ಕೆಳಬೆನ್ನು ತಿನ್ನುತ್ತದೆ.

ಗೋದಾಮಿನ ತೊಲೆಗೆ ಒಂದು ದಪ್ಪ ಹಗ್ಗ ಕಟ್ಟಿ. ಮೊದಲು ಸುಮ್ನೆ ಜೋತುಬೀಳಿ, 20 ಸೆಕೆಂಡ್. ಆಮೇಲೆ ಜೋತುಬಿದ್ದು ಮೊಣಕಾಲು ಎದೆಗೆ. ಅದು ಹತ್ತು ಸಲ ಸಲೀಸಾದ ಮೇಲೆ, ಕಾಲನ್ನು ತಲೆಗಿಂತ ಮೇಲೆತ್ತಿ ತಲೆಕೆಳಗಾಗುವುದು. ಕೆಳಗೆ ಹಾಸಿಗೆ ಇರಲಿ, ಪಕ್ಕದಲ್ಲಿ ಒಬ್ಬರು ಇರಲಿ. ತಲೆಕೆಳಗಾದಾಗ ದಿಕ್ಕು ತಪ್ಪದೆ ಇರುವುದೇ ಈ ಆಟದ ಅರ್ಧ ಪಾಲು. ಜಿಮ್ನಾಸ್ಟಿಕ್ಸ್ ಮಾಡಿದವರು ಇದರಲ್ಲಿ ಬೇಗ ಮೇಲೆ ಬರುವುದು ಅದಕ್ಕೇ. ರಷ್ಯಾದ ಇಸಿನ್ಬಯೇವಾ ಶುರು ಮಾಡಿದ್ದೂ ಜಿಮ್ನಾಸ್ಟಿಕ್ಸ್‌ನಿಂದಲೇ. 2009ರಲ್ಲಿ ಆಕೆ ಹಾರಿದ್ದು 5.06.

ಹತ್ತು ಆಟದವ · ಜೂನ್ 11, ರಾತ್ರಿ 10:30

ಡಾಕ್ಟರ್ ಎಲ್ಲ ಹೇಳಿದರು. ತೂಕದ ನಂಬರಿಗೆ ಬರುತ್ತೇನೆ.

ಪೋಲ್ ಮೇಲೆ ಎರಡು ಅಂಕಿ ಇರುತ್ತದೆ. ಒಂದು ಉದ್ದ, ಅಡಿಯಲ್ಲೋ ಮೀಟರಿನಲ್ಲೋ. ಇನ್ನೊಂದು ತೂಕ, ಸಾಮಾನ್ಯವಾಗಿ ಪೌಂಡ್‌ನಲ್ಲಿ. ಈ ತೂಕ ಕೋಲಿನದ್ದಲ್ಲ, ಹಾರುವವರದ್ದು. ನೀನು 56 ಕೆಜಿ, ಅಂದರೆ 123 ಪೌಂಡ್. 110 ಅಂತ ಬರೆದ ಕೋಲು ನಿನಗಲ್ಲ, ಜಾಸ್ತಿ ಬಾಗಿ ಮುರಿಯಬಹುದು. 125, 130 ಸರಿ. ಇನ್ನೂ ಒಂದು ಸೂಕ್ಷ್ಮ ಇದೆ. ಆ ನಂಬರ್ ತುದಿಯ ಹತ್ತಿರ ಹಿಡಿಯುವವರ ಲೆಕ್ಕ. ಕೆಳಗೆ ಹಿಡಿದಷ್ಟೂ ಅದೇ ಕೋಲು ಗಟ್ಟಿಯಾಗುತ್ತದೆ. ನೀನು ಹನ್ನೊಂದು ಅಡಿ ಕೋಲನ್ನು ಏಳೂವರೆ ಅಡಿಯಲ್ಲಿ ಹಿಡಿದರೆ ಅದು ಬಾಗುವುದೇ ಇಲ್ಲ. ಬಾಗುವುದೂ ಬೇಡ. ಟಿವಿಯಲ್ಲಿ ಬಿಲ್ಲಿನ ಹಾಗೆ ಬಾಗುತ್ತದಲ್ಲ, ಅದು ವೇಗದಿಂದ ತಾನಾಗಿ ಬರುವುದು. ಹೊಸಬರು ಎಡಗೈಯಲ್ಲಿ ಒತ್ತಿ ಬಾಗಿಸಲು ಹೋಗಿ ಹಾಳಾಗುತ್ತಾರೆ. ಮೊದಲ ವರ್ಷ ನೆಟ್ಟಗಿನ ಕೋಲಿನಲ್ಲೇ ಹಾರು.

ಮೂರನೇ ಪೀರಿಯಡ್ · ಜೂನ್ 12, ಬೆಳಗ್ಗೆ 7:00

ಫಿಸಿಕ್ಸ್ ಮೇಷ್ಟ್ರು. ಈ ಚರ್ಚೆಯಲ್ಲಿ ಸುಮ್ಮನಿರಲು ಆಗುತ್ತಿಲ್ಲ.

ಓಟದ ವೇಗ ಎತ್ತರವಾಗುವುದು, ಅಷ್ಟೇ ಈ ಆಟ. ವೇಗವನ್ನು ಅದರಿಂದಲೇ ಗುಣಿಸಿ 19.6ರಿಂದ ಭಾಗಿಸಿ. ಡುಪ್ಲಾಂಟಿಸ್ ತರದವರು ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತಾರೆ. ನೂರನ್ನು 19.6ರಿಂದ ಭಾಗಿಸಿದರೆ 5.1 ಮೀಟರ್. ನಿಂತಾಗ ಮೈಯ ಭಾರದ ಕೇಂದ್ರ ಹೊಟ್ಟೆಯ ಹತ್ತಿರ, ನೆಲದಿಂದ ಹೆಚ್ಚುಕಡಿಮೆ 1 ಮೀಟರ್ ಮೇಲೆ ಇರುತ್ತದೆ. ಎರಡೂ ಸೇರಿ 6.1. ಅದಕ್ಕೂ ಮೇಲಿನದ್ದು ಕೈಯ ಬಲ, ತಿರುಗುವ ಚಾಲಾಕಿ.

ಈಗ ನಮ್ಮ ಹುಡುಗಿ. ಕೋಲು ಹಿಡಿದು 6 ಮೀಟರ್ ವೇಗ ಅಂತಿಟ್ಟುಕೊಳ್ಳೋಣ. 36 ಭಾಗಿಸು 19.6, ಬಂತು 1.84. ಮೇಲೆ 1 ಮೀಟರ್ ಸೇರಿಸಿದರೆ 2.8. ಹೊಸಬರಿಗೆ ಇದರಲ್ಲಿ ತುಂಬ ಸೋರಿಹೋಗುತ್ತದೆ. ಆದರೂ ನೀವು ಕೇಳಿದ ಎರಡೂವರೆ ಮೀಟರ್ ಲೆಕ್ಕದೊಳಗೇ ಇದೆ. ನನ್ನ ಮಕ್ಕಳಿಗೆ ಇದನ್ನೇ ಬೋರ್ಡ್ ಮೇಲೆ ಹಾಕುತ್ತೇನೆ ನಾಳೆ.

ಗೋಲಿ ನಂ. 1 · ಜೂನ್ 12, ಬೆಳಗ್ಗೆ 7:20

ಮೇಷ್ಟ್ರೇ, 96 ಕೆಜಿ ಗೋಲ್‌ಕೀಪರಿಗೆ ಎಷ್ಟು ಬರುತ್ತದೆ?

ಮೂರನೇ ಪೀರಿಯಡ್ · ಜೂನ್ 12, ಬೆಳಗ್ಗೆ 7:31

ಸೂತ್ರದಲ್ಲಿ ತೂಕ ಇಲ್ಲ. ವೇಗ ಇದೆ. ಅದನ್ನು ಕೇಳಬೇಡಿ.

ಇಬ್ಬರ ಅಮ್ಮ · ಜೂನ್ 14, ಮಧ್ಯಾಹ್ನ 3:10

ಇದನ್ನೆಲ್ಲ ಓದುತ್ತಾ ಇದ್ದೆ, ನನ್ನ ಮಗಳು ಹಿಂದಿನಿಂದ ಓದಿಬಿಟ್ಟಳು. 13 ವರ್ಷ. ಈಗ ಅವಳಿಗೂ ಬೇಕಂತೆ. ಕುಶಾಲನಗರದಲ್ಲಿದ್ದೇವೆ. ನೇರವಾಗಿ ಕೇಳುತ್ತೇನೆ, ಎಷ್ಟು ಅಪಾಯ ಇದು? ಮನೆಯ ಎರಡು ಹತ್ತಿ ಹಾಸಿಗೆ, ಮೇಲೆ ಬೈಹುಲ್ಲು ಹಾಕಿ ಅಂಗಳದಲ್ಲೇ ಮಾಡಿಸಬಹುದು ಅಂತ ಅವರಪ್ಪ ಹೇಳುತ್ತಿದ್ದಾರೆ.

ಹತ್ತು ಆಟದವ · ಜೂನ್ 14, ಸಂಜೆ 5:45

ಅಕ್ಕ, ಅವರಪ್ಪನಿಗೆ ಇದನ್ನು ಓದಿ ಹೇಳಿ.

ಈ ಆಟದಲ್ಲಿ ದೊಡ್ಡ ಪೆಟ್ಟು ಆಗುವುದು ಜಾಸ್ತಿಯಾಗಿ ಎರಡು ಕಡೆ. ಹಾಸಿಗೆಯಿಂದ ಹೊರಗೆ ಬಿದ್ದಾಗ, ಇಲ್ಲಾ ಕೋಲು ಊರುವ ಡಬ್ಬಿಯೊಳಗೆ ವಾಪಸ್ ಬಿದ್ದಾಗ. ಆ ಡಬ್ಬಿ ನೆಲದೊಳಗೆ 1 ಮೀಟರ್ ಉದ್ದ, ಕೊನೆಯಲ್ಲಿ 20 ಸೆಂಟಿಮೀಟರ್ ಆಳ. ದೊಡ್ಡ ಕೂಟಗಳಲ್ಲಿ ಅದರ ಹಿಂದಿನ ಹಾಸಿಗೆ 6 ಮೀಟರ್ ಉದ್ದ, 6 ಮೀಟರ್ ಅಗಲ, 80 ಸೆಂಟಿಮೀಟರ್ ದಪ್ಪ ಇರಬೇಕು. ಚಿಕ್ಕ ಕೂಟಕ್ಕೂ 5ಕ್ಕೆ 5 ಬೇಕು. ಇದರ ಜೊತೆ ಡಬ್ಬಿಯ ಎರಡೂ ಪಕ್ಕಕ್ಕೆ ಕೊಂಬಿನ ಹಾಗೆ ಚಾಚಿದ ಹಾಸಿಗೆ ತುಂಡುಗಳು ಬೇರೆ. ಮಂಚದ ಹಾಸಿಗೆ ಎಷ್ಟು ಬೇಕಾಗಬಹುದು ಲೆಕ್ಕ ಹಾಕಿ.

ನನ್ನ ಕಥೆ ಹೇಳುತ್ತೇನೆ. ಕಾಲೇಜಿನ ದಿನಗಳಲ್ಲಿ ಒಂದು ಕೂಟ. ಊರು ಬೇಡ. ಹಾಸಿಗೆ ಎರಡು ತುಂಡು, ಮೇಲೆ ಒಂದು ಟಾರ್ಪಾಲ್ ಹೊದೆಸಿದ್ದರು. ತುಂಡುಗಳನ್ನು ಒಂದಕ್ಕೊಂದು ಕಟ್ಟಿರಲಿಲ್ಲ. ನಾನು ಚೆನ್ನಾಗಿಯೇ ಹಾರಿದೆ, ಅಡ್ಡಕೋಲು ಅಲುಗಲಿಲ್ಲ. ಬೆನ್ನ ಮೇಲೆ ಬೀಳುವ ಬದಲು ಕಾಲಿನ ಮೇಲೆ ಬಿದ್ದೆ, ಅದು ನನ್ನ ತಪ್ಪು. ಕಾಲು ಟಾರ್ಪಾಲಿನ ಸಮೇತ ಎರಡು ತುಂಡಿನ ಸಂದಿಗೆ ಇಳಿದು ನೆಲ ಮುಟ್ಟಿತು. ಪಾದ ಒಂದು ಕಡೆ, ನಾನು ಇನ್ನೊಂದು ಕಡೆ. ಬೂಟು ಕತ್ತರಿಯಲ್ಲಿ ಕೊಯ್ದು ತೆಗೆದರು. ಈಗಲೂ ಮಡಿಕೇರಿ ಚಳಿಗೆ ಆ ಗಿಣ್ಣು ಮೊದಲು ಏಳುತ್ತದೆ, ಆಮೇಲೆ ನಾನು.

ಅದಕ್ಕೆ ನಾನು ಯಾವ ಮೈದಾನಕ್ಕೆ ಹೋದರೂ ಮೊದಲು ಹಾಸಿಗೆಯ ಮೇಲೆ ನಡೆದು ನೋಡುತ್ತೇನೆ. ಸಂದಿ ಸಿಗುತ್ತದಾ? ಒಂದು ಕಡೆ ಕೂತರೆ ಕೆಳಗಿನ ನೆಲ ತಾಗುತ್ತದಾ? ಡಬ್ಬಿಯ ಸುತ್ತ ಮೆತ್ತೆ ಇದೆಯಾ?

13 ವರ್ಷ ಒಳ್ಳೆ ವಯಸ್ಸು. ಹಾಸಿಗೆ, ಗುರು ಎರಡೂ ಇದ್ದರೆ ಧೈರ್ಯವಾಗಿ ಕಳಿಸಿ. ಬೈಹುಲ್ಲು ಹಸುವಿಗೆ ಇರಲಿ.

ಇಬ್ಬರ ಅಮ್ಮ · ಜೂನ್ 14, ಸಂಜೆ 6:20

ಓದಿ ಹೇಳಿದೆ. ಹಾಸಿಗೆ ಒಳಗೆ ಹೋಯಿತು. ಮಗಳನ್ನು ಸದ್ಯಕ್ಕೆ ಲಾಂಗ್ ಜಂಪ್‌ಗೆ ಹಾಕುತ್ತೇನೆ.

ಸುಂಟಿಕೊಪ್ಪದ ಹುಡುಗಿ · ಜುಲೈ 21, ರಾತ್ರಿ 8:15

ಆರು ವಾರದ ವರದಿ. ಮಳೆ ಹಿಡಿದರೆ ಬಿಡುತ್ತಿಲ್ಲ, ಎರಡು ದಿನ ಕರೆಂಟೂ ಇಲ್ಲ. ಗೋದಾಮಿನ ಹಗ್ಗದಲ್ಲಿ ಮೊಣಕಾಲು ಎದೆಗೆ ಹತ್ತು ಸಲ ಆಗುತ್ತಿದೆ. ಗೋಡೆಗೆ ಹೆಬ್ಬೆರಳು ಇನ್ನೂ ಎರಡು ಬೆರಳು ದೂರ.

ಅಪ್ಪ ಒಂದು ಕಿರುಬಿದಿರು ಕಡಿದು ಕೊಟ್ಟರು, ಅಮಾವಾಸ್ಯೆ ನೋಡಿಯೇ ಕಡಿದದ್ದು ಅಂಕಲ್. ಕಣದಲ್ಲಿ ಹಿಡಿದು ನಡೆಯುತ್ತೇನೆ. ಕೈ ಎತ್ತುವ ಸಮಯ ಮಾತ್ರ ಸರಿಹೋಗುತ್ತಿಲ್ಲ. ಯಾವಾಗಲೂ ತಡ.

ಹತ್ತಿರದ ಒಂದು ಕಡೆ ಹಾಸಿಗೆ ಇದೆ ಅಂತ ಯಾರೋ ಹೇಳಿದರು, ಹೋಗಿದ್ದೆ. ಇತ್ತು. ಕೋಣೆಯೊಳಗೆ ಬೀಗ ಹಾಕಿ ಇಟ್ಟಿದ್ದರು. ಬೀಗ ತೆಗೆಸಿದರೆ ಹೆಗ್ಗಣ ಅರ್ಧ ತಿಂದು ಮರಿ ಹಾಕಿದೆ. "ಹಾಸಿಗೆ ಹಾಳಾಗಬಾರದು ಅಂತಲೇ ಯಾರಿಗೂ ಕೊಡುವುದಿಲ್ಲ ಮೇಡಂ" ಅಂದರು.

ಹತ್ತು ಆಟದವ · ಜುಲೈ 21, ರಾತ್ರಿ 9:50

ಹೆಗ್ಗಣವಾದರೂ ಬಳಸಿತಲ್ಲ.

ಕೈ ತಡ ಆಗುವುದು ಎಲ್ಲರಿಗೂ. ಕೊನೆಯ ಮೂರು ಹೆಜ್ಜೆಯನ್ನು ಬಾಯಲ್ಲಿ ಹೇಳಿಕೊಂಡು ನಡೆ. ಎಡ, ಬಲ, ಎಡ. ಮೊದಲ ಎಡಕ್ಕೆ ಬಲಗೈ ಸೊಂಟದಿಂದ ಏಳಬೇಕು. ಬಲಕ್ಕೆ ಕಿವಿಯ ಪಕ್ಕ ಬಂದಿರಬೇಕು. ಕೊನೆಯ ಎಡಕ್ಕೆ ತೋಳು ಪೂರ್ತಿ ಮೇಲೆ, ಮೊಣಕೈ ಮಡಚಿರಬಾರದು. ಆಗ ಬಲಗೈಯಿಂದ ಮೇಸ್ತ್ರಿಯ ತೂಗುಗುಂಡು ಬಿಟ್ಟರೆ ಎಡಗಾಲಿನ ಬೆರಳ ಮೇಲೆ ಬೀಳಬೇಕು. ಗುಂಡು ಬೆರಳಿಗಿಂತ ಹಿಂದೆ ಬಿದ್ದರೆ ನೀನು ಕೋಲಿನ ಕೆಳಗೆ ನುಗ್ಗಿದ್ದೀಯ ಅಂತ. ಭುಜ ಎಳೆಯುವುದು ಆಗಲೇ.

ನಡೆಯುತ್ತಾ ನೂರು ಸಲ. ಜಾಸ್ತಿ ಬೇಸರ ಬಂದರೆ ಇನ್ನೂ ನೂರು.

ಮಳೆ ಬಿಟ್ಟ ಮೇಲೆ ಹಾಸಿಗೆ ಇರುವ ಕಡೆಗೆ ಹೋಗಲೇಬೇಕು. ಬೆಂಗಳೂರಿನ ಕಂಠೀರವ ಇದೆ. ಆದರೆ ನಿನಗೆ ಘಟ್ಟ ಇಳಿದರೆ ಮಂಗಳೂರು, ಮೂಡುಬಿದಿರೆ ಹತ್ತಿರ. ಕರಾವಳಿಯಲ್ಲಿ ನನ್ನ ಜೊತೆಯಲ್ಲಿ ಆಡಿದವನೊಬ್ಬ ಮಕ್ಕಳಿಗೆ ಹೇಳಿಕೊಡುತ್ತಾನೆ. ಮಾತಾಡಿ ನೋಡುತ್ತೇನೆ.

ತೋಡಿನಾಚೆ · ಜುಲೈ 22, ಬೆಳಗ್ಗೆ 7:40

ಅಮಾವಾಸ್ಯೆ ನೋಡಿ ಕಡಿದರು ನೋಡಿ. ಅಪ್ಪನಿಗೆ ನನ್ನ ನಮಸ್ಕಾರ ಹೇಳು ಮಗಳೇ.

ಗೋಲಿ ನಂ. 1 · ಸೆಪ್ಟೆಂಬರ್ 4, ಬೆಳಗ್ಗೆ 10:10

ನಿನ್ನೆ ಕೈಲ್‌ಪೊಳ್ದ್ ಹಬ್ಬದ ಹಂದಿ ಕರಿ, ಕಡಂಬುಟ್ಟು ಎಲ್ಲ ತಿಂದು ಮೇಷ್ಟ್ರ ಸೂತ್ರ ನೆನಪಾಯಿತು. ವೇಗ ಸೊನ್ನೆ. ಸೊನ್ನೆ ಭಾಗಿಸು 19.6. ನಮ್ಮ ವಾಲ್ಟರ್ ಎಲ್ಲಿದ್ದಾರೆ?

ಸುಂಟಿಕೊಪ್ಪದ ಹುಡುಗಿ · ಅಕ್ಟೋಬರ್ 25, ರಾತ್ರಿ 9:20

ಇಲ್ಲೇ ಇದ್ದೇನೆ. ಬರೆಯಲು ಏನಾದರೂ ಇರಲಿ ಅಂತ ಕಾಯುತ್ತಿದ್ದೆ.

ಅಣ್ಣ ಹೇಳಿದವರ ಹತ್ತಿರ ನಾಲ್ಕು ಶನಿವಾರ ಹೋಗಿ ಬಂದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು, ಸಂಪಾಜೆ ಇಳಿದು. ಅಲ್ಲಿ ಎಲ್ಲರೂ ಹೈಸ್ಕೂಲ್ ಮಕ್ಕಳು, ನನ್ನನ್ನು "ಅಕ್ಕ" ಅನ್ನುತ್ತಾರೆ. ತಮಿಳುನಾಡಿನ ರೋಸಿ ಮೀನಾ ಪಾಲ್‌ರಾಜ್ 2022ರಲ್ಲಿ 4.20 ಹಾರಿದ್ದು ಆ ಮಕ್ಕಳಿಗೆ ಬಾಯಿಪಾಠ. ಹುಡುಗರಿಗೆ ದೇವ್ ಮೀನಾ. 2025ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 5.32 ಹಾರಿ ಶಿವ ಅವರ ಹಳೆಯ ದಾಖಲೆ 5.31ನ್ನು ಒಂದೇ ಒಂದು ಸೆಂಟಿಮೀಟರಿನಲ್ಲಿ ದಾಟಿದ್ದನ್ನು ಬೆರಳು ಹಿಡಿದು ತೋರಿಸುತ್ತಾರೆ, ಇಷ್ಟೇ ಅಂತ.

ಮೊದಲ ಎರಡು ಶನಿವಾರ ಹಾಸಿಗೆ ಮುಟ್ಟಲು ಬಿಡಲಿಲ್ಲ. ಮರಳು ಗುಂಡಿ. ಗುದ್ದಲಿಯಲ್ಲಿ ಮರಳು ಸಡಿಲ ಮಾಡುವುದೂ ನಮ್ಮದೇ ಕೆಲಸ. ನಾಲ್ಕು ಹೆಜ್ಜೆ ಓಟ, ಕೋಲನ್ನು ಮರಳಿಗೆ ಊರುವುದು, ಜೋತುಬಿದ್ದು ಆಚೆ ಕಾಲಿನ ಮೇಲೆ ನಿಲ್ಲುವುದು. ಅಂಕಲ್ ತೋಡು ದಾಟಿದ ಹಾಗೆಯೇ.

ಮೊದಲ ಸಲ ಏನಾಯಿತು ಗೊತ್ತಾ? ಅಭ್ಯಾಸಬಲದಲ್ಲಿ ಬಲಗಾಲಿನಲ್ಲಿ ಎದ್ದೆ. ಕೋಲು ಎಡಕ್ಕೆ ಇರಬೇಕು, ಮೈ ಅದರ ಬಲಗಡೆಯಿಂದ ಹಾಯಬೇಕು. ನಾನು ಎಡಕ್ಕೆ ಹೋದೆ, ಕೋಲು ನನ್ನ ಹೊಟ್ಟೆಗೆ ಅಡ್ಡ ಬಂತು, ಕಂಬಕ್ಕೆ ಸುತ್ತಿದ ಬಳ್ಳಿಯ ಹಾಗೆ ಒಂದು ಸುತ್ತು ತಿರುಗಿ ಮರಳಿಗೆ ಕೂತೆ. ಮಕ್ಕಳು ಚಪ್ಪಾಳೆ ಹೊಡೆದರು. ಹದಿನೈದು ಸಲ ಆದ ಮೇಲೆ ಒಂದು ಸಲ ಸರಿಯಾಯಿತು. ಸರಿಯಾದಾಗ ಶಬ್ದವೇ ಇಲ್ಲ. ಊರಿದ ಏಟೂ ಗೊತ್ತಾಗಲಿಲ್ಲ. ಕೋಲು ನನ್ನನ್ನು ಎತ್ತಿಕೊಂಡು ಹೋಗಿ ಆಚೆ ಇಟ್ಟಿತು. ನಾನು ಏನೂ ಮಾಡಲಿಲ್ಲ ಅನ್ನಿಸಿತು.

ಮೂರನೇ ವಾರ ಹಾಸಿಗೆ. ಅಲ್ಲಿ ಬೆನ್ನ ಮೇಲೆ ಬೀಳಬೇಕು. ಮರಳಿನಲ್ಲಿ ಕಾಲಿನ ಮೇಲೆ ನಿಂತು ಕಲಿತದ್ದನ್ನು ಈಗ ಮರೆಯಬೇಕು. ಆರು ಹೆಜ್ಜೆ ಓಟ. ಎರಡು ಸಲ ಕೋಲು ಅರ್ಧಕ್ಕೆ ನಿಂತು ವಾಪಸ್ ಬಂತು. "ಬಿಡಬೇಡ, ಬಿಡಬೇಡ, ಹಿಡ್ಕೊ!" ಅಂತ ಕೂಗಿದರು. ಹಿಡಿದುಕೊಂಡೇ ಇಳಿದೆ, ಏನೂ ಆಗಲಿಲ್ಲ. ನಿನ್ನೆ ಅಡ್ಡಕೋಲಿನ ಬದಲು ರಬ್ಬರ್ ಹಗ್ಗ ಕಟ್ಟಿದರು. 1.80 ದಾಟಿದೆ. 1.90ಕ್ಕೆ ಎದೆ ತಾಗಿತು.

ನನ್ನ ಎತ್ತರ 1.63. ನನ್ನ ತಲೆಯ ಮೇಲಿಂದ ನಾನೇ ಹೋದ ಹಾಗೆ ಲೆಕ್ಕ.

ಹತ್ತು ಆಟದವ · ಅಕ್ಟೋಬರ್ 25, ರಾತ್ರಿ 9:34

ತಂಗಿ, ಇದನ್ನು ಮನೆಯವರಿಗೆ ಓದಿ ಹೇಳಿದೆ. ಎಲ್ಲಿ ಹಿಡಿದಿದ್ದೆ?

ಸುಂಟಿಕೊಪ್ಪದ ಹುಡುಗಿ · ಅಕ್ಟೋಬರ್ 25, ರಾತ್ರಿ 9:41

2.40ರಲ್ಲಿ. ಒಂದು ಹಿಡಿ ಮೇಲೆ ಹೋಗಲಾ ಅಂತ ಕೇಳಿದೆ. ಡಿಸೆಂಬರ್‌ನಲ್ಲಿ ಕೇಳು ಅಂದರು.

ಬೆನ್ನುಮೂಳೆ · ಅಕ್ಟೋಬರ್ 25, ರಾತ್ರಿ 9:58

ಹೆಬ್ಬೆರಳು ಗೋಡೆಗೆ ತಾಗಿತಾ?

ಸುಂಟಿಕೊಪ್ಪದ ಹುಡುಗಿ · ಅಕ್ಟೋಬರ್ 25, ರಾತ್ರಿ 10:03

ಎಡಗೈದು ತಾಗಿತು. ಬಲದ್ದು ಇನ್ನೂ ಅರ್ಧ ಬೆರಳು.

ಸುಂಟಿಕೊಪ್ಪದ ಹುಡುಗಿ · ನವೆಂಬರ್ 15, ಸಂಜೆ 7:00

ಒಂದು ಸಹಾಯ ಬೇಕು. ಇನ್ನು ಕಾಫಿ ಕೊಯ್ಲು, ಜನವರಿವರೆಗೆ ಶನಿವಾರ ಹೋಗಲು ಆಗುವುದಿಲ್ಲ. ಸರ್ ಒಂದು ಹಳೆಯ ಕೋಲು ಕೊಟ್ಟಿದ್ದಾರೆ, ಹತ್ತೂವರೆ ಅಡಿ, 130ರದ್ದು. ಊರಿನ ಶಾಲೆಯ ಮರಳು ಗುಂಡಿಯಲ್ಲಿ ಮಾತ್ರ, ಅದೂ ನನ್ನ ತಮ್ಮ ಜೊತೆಗಿದ್ದರೆ ಮಾತ್ರ ಅಂತ ಮಾತು ತಗೊಂಡಿದ್ದಾರೆ. ಅದನ್ನು ಮನೆಗೆ ತರುವುದು ಹೇಗೆ? ಬಸ್‌ನಲ್ಲಿ ಕೇಳಿದೆ. ಕಂಡಕ್ಟರ್ ಕೋಲನ್ನು ನೋಡಿದರು, ನನ್ನನ್ನು ನೋಡಿದರು, ರೈಟ್ ಅಂದರು.

ಹತ್ತು ಆಟದವ · ನವೆಂಬರ್ 15, ಸಂಜೆ 7:25

ಹಾಗೇ ತರಬೇಡ. ಫೈಬರ್‌ಗ್ಲಾಸ್‌ಗೆ ಒಂದು ಗೀರು ಬಿದ್ದರೆ ಮುಂದೆ ಅಲ್ಲೇ ಮುರಿಯುವುದು. ನಾಲ್ಕಿಂಚಿನ ಪಿವಿಸಿ ಪೈಪ್ ತಗೊಂಡು ಅದರೊಳಗೆ ಹಾಕು, ಎರಡೂ ಕಡೆ ಗೋಣಿ ತುರುಕು. ಅದಕ್ಕೂ ಮೊದಲು ಬಿಸಿಲಿನಲ್ಲಿ ಕೋಲನ್ನು ತಿರುಗಿಸಿ ಉದ್ದಕ್ಕೂ ನೋಡು, ಬೂಟಿನ ಸ್ಪೈಕ್ ತಾಗಿದ ಗುರುತು ಇದೆಯಾ ಅಂತ. ಬೆರಳಿನಿಂದ ಸವರಿಯೂ ನೋಡು. ಬುಡದ ರಬ್ಬರ್ ಸವೆದಿದ್ದರೆ ಬೇರೆ ಕೇಳಿ ಇಸ್ಕೋ. ಮನೆಯಲ್ಲಿ ಮೂಲೆಗೆ ಒರಗಿಸಿ ಇಡಬೇಡ, ಮಲಗಿಸಿ ಇಡು.

ಏಣಿ ಕಂಡ್ರೆ ಭಯ · ನವೆಂಬರ್ 15, ರಾತ್ರಿ 8:10

ನಮ್ಮ ಪಿಕಪ್ ಶುಕ್ರವಾರ ಮಂಗಳೂರಿಗೆ ಹೋಗುತ್ತದೆ, ವಾಪಸ್ ಬರುವಾಗ ಖಾಲಿ. ಪೈಪ್ ಸಮೇತ ಹಾಕಿಸಿ. ಹಿಂದೆ ಚಾಚಿಕೊಂಡರೆ ಕೆಂಪು ಬಟ್ಟೆ ಕಟ್ಟಬೇಕು, ಘಟ್ಟದ ತಿರುವಿನಲ್ಲಿ ಹಿಂದಿನವರಿಗೆ ಕಾಣಲಿ. ಡ್ರೈವರಿಗೆ ಹೇಳಿದ್ದೇನೆ, ಅದು ಏಣಿ ಅಲ್ಲ ಅಂತ. ಸಂಜೆ ಐದರ ಹೊತ್ತಿಗೆ ಸುಂಟಿಕೊಪ್ಪ ಬಸ್ ಸ್ಟ್ಯಾಂಡ್ ಹತ್ತಿರ ತಮ್ಮನನ್ನು ನಿಲ್ಲಿಸಿ.

ಗೋಲಿ ನಂ. 1 · ನವೆಂಬರ್ 15, ರಾತ್ರಿ 8:14

ಕೆಂಪು ಬಟ್ಟೆ ನನ್ನ ಹತ್ತಿರ ಇದೆ. ಹಳೆಯ ಜೆರ್ಸಿ, ನಂಬರ್ ಸಮೇತ.